ಟೀಚರಕ್ಕನ ವರ್ಷಾಂತಿಕಕ್ಕೆ ಸಭೆ ಮಾಡಬೇಕಾ? ಅವರ ಪ್ರವಾಸದ ನೋಟುಬುಕ್ಕುಗಳನ್ನ ಏನು ಮಾಡಲಿ?

ಡೊಂಬಿವಲಿಯವಳು

ಎಲ್ಲರಿಗೂ ನಮಸ್ಕಾರ. ನನ್ನ ತವರು ಧಾರವಾಡದ ಕಡೆ, ಮದುವೆಯಾದ ಮೇಲೆ ಮುಂಬೈ ಹತ್ತಿರದ ಡೊಂಬಿವಲಿ. ಬ್ಯಾಂಕಿನಲ್ಲಿದ್ದೆ, ಈಗ ರಿಟೈರ್ ಆಗಿದ್ದೇನೆ. ಎರಡು ವಿಷಯ ಕೇಳಬೇಕಿತ್ತು. ಯಾರ ಬಗ್ಗೆ ಅಂತ ಮೊದಲು ಹೇಳಿಬಿಡುತ್ತೇನೆ, ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ನನ್ನ ಗೆಳತಿ ಕಳೆದ ಆಷಾಢದಲ್ಲಿ ತೀರಿಕೊಂಡರು. ಹೆಸರು ಹಾಕಬೇಡಿ ಅಂತ ಮಗಳು ಹೇಳಿದ್ದಾಳೆ. ನಮ್ಮ ಕಡೆ ಟೀಚರಕ್ಕ ಅಂದರೆ ಸಾಕು, ಎಲ್ಲರಿಗೂ ಗೊತ್ತಾಗುತ್ತದೆ. ಬಿಲ್ಡಿಂಗಿನ ಮರಾಠಿಯವರು, ಗುಜರಾತಿಗಳು ಕೂಡ ಹಾಗೇ ಕರೆಯುತ್ತಿದ್ದರು. ಊರು ಕುಂದಾಪುರದ ಹತ್ತಿರ. ಹಗಲು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ, ಸಂಜೆ ಮುಂಬೈಯ ಫೋರ್ಟ್ ಏರಿಯಾದಲ್ಲಿ ಕನ್ನಡ ರಾತ್ರಿ ಶಾಲೆ. ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ ಬರುವ ನಮ್ಮ ಊರಿನ ಹುಡುಗರಿಗೆ ಪಾಠ. ಮನೆ ಸೇರುವಾಗ ಹನ್ನೊಂದು ಗಂಟೆ. ಗಂಡ ಚಿಕ್ಕ ವಯಸ್ಸಿನಲ್ಲೇ ಹೋದರು. ಒಬ್ಬಳೇ ಮಗಳು, ಈಗ ಪುಣೆಯಲ್ಲಿದ್ದಾಳೆ.

ನಮ್ಮ ಪರಿಚಯ ಆದದ್ದು ಬೆಳಗಿನ ಫಾಸ್ಟ್ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ. ಥಾಣೆ ದಾಟುವಷ್ಟರಲ್ಲಿ ನನ್ನ ಅತ್ತೆಯ ಬಿಪಿ ಎಷ್ಟು, ಗಂಡನ ಶಿಫ್ಟ್ ಯಾವುದು, ಮಗನಿಗೆ ಗಣಿತ ಬರುತ್ತದಾ ಇಲ್ವಾ, ಎಲ್ಲ ತಿಳಿದುಕೊಂಡಿದ್ದರು. ಕುರ್ಲಾ ಬರುವಾಗ ಕೇಳಿದರು, "ನೀನು ಕಡೇ ಸಲ ಎಲ್ಲಿಗೆ ಹೋಗಿದ್ದೆ?" ಅಂತ. ನಾನು ತವರಿಗೆ ಅಂದೆ. "ತವರು ಬಿಟ್ಟು?" ಅಂದರು. ನನಗೆ ಹೇಳಲು ಏನೂ ಇರಲಿಲ್ಲ.

ಟೀಚರಕ್ಕ ತಿರುಗಿದಷ್ಟು ನಾನು ನೋಡಿದವರಲ್ಲಿ ಯಾರೂ ತಿರುಗಿಲ್ಲ. ರಾಮೇಶ್ವರ, ಅಸ್ಸಾಮಿನ ಮಜುಲಿ ದ್ವೀಪ, ಲಡಾಖ್, ಭೂತಾನ್, ಅಂಕೋರ್ ವಾಟ್. ಎಲ್ಲ ಸ್ವಂತ ಸಂಬಳದಲ್ಲಿ, ಆಮೇಲೆ ಪೆನ್ಶನ್ನಿನಲ್ಲಿ. ಟೂರ್ ಕಂಪನಿಗಳ ಜತೆ ಹೋದವರೇ ಅಲ್ಲ. ಅವರ ಲೆಕ್ಕವೇ ಬೇರೆ ಇತ್ತು. ಯಾವ ಊರು ಅನ್ನೋದು ಆಮೇಲೆ, ಮೊದಲು ಯಾರನ್ನ ಕರ್ಕೊಂಡು ಹೋಗೋದು ಅಂತ ನಿರ್ಧಾರ ಆಗಬೇಕು. ಮನೆ ಬಿಟ್ಟು ಎಲ್ಲಿಗೂ ಹೋಗದ ಒಬ್ಬ ಹೆಂಗಸನ್ನ ಹುಡುಕುತ್ತಿದ್ದರು. ಅವಳಿಗೆ ಯಾವ ಊರಿನ ಆಸೆ ಇದೆ ಅಂತ ಹೇಗೋ ಮಾಡಿ ಬಾಯಿ ಬಿಡಿಸುತ್ತಿದ್ದರು. ಆಮೇಲೆ ಟೈಮ್ ಟೇಬಲ್ ತೆಗೆಯೋದು.

ಮಾಟುಂಗಾದಲ್ಲಿ ಒಬ್ಬ ಅಡುಗೆಯವರು ತೀರಿಕೊಂಡಿದ್ದರು. ಅವರ ಹೆಂಡತಿಗೆ ಸಮುದ್ರದ ಮೇಲೆ ಹೋಗೋ ರೈಲು ನೋಡಬೇಕು ಅಂತ ಇತ್ತಂತೆ, ಯಾವುದೋ ಕ್ಯಾಲೆಂಡರಿನಲ್ಲಿ ಚಿತ್ರ ನೋಡಿದ್ದರು. ಪಾಂಬನ್ ಸೇತುವೆ, 1914ರದ್ದು. ಗಾಡಿ ನಿಧಾನಕ್ಕೆ ಹೋಗುವಾಗ ಆಕೆ ಬಾಗಿಲ ಹತ್ತಿರ ನೆಲದ ಮೇಲೆ ಕೂತುಬಿಟ್ಟರಂತೆ. ಟೀಚರಕ್ಕ ಹಿಂದೆ ನಿಂತು ಆಕೆಯ ಸೆರಗು ಹಿಡಿದುಕೊಂಡೇ ಇದ್ದರು. ಅದೇ ಆಕೆಯನ್ನ ಇನ್ನೊಮ್ಮೆ ಅಸ್ಸಾಮಿಗೆ ಕರ್ಕೊಂಡು ಹೋಗಿ, ವಾಪಸ್ ಬರುವಾಗ ನೇರ ಮುಂಬೈಗೆ ಬರದೆ ವಿವೇಕ್ ಎಕ್ಸ್‌ಪ್ರೆಸ್ ಹತ್ತಿದರು. ದಿಬ್ರುಗಢದಿಂದ ಕನ್ಯಾಕುಮಾರಿ. ನಾಲ್ಕು ಸಾವಿರ ಕಿಲೋಮೀಟರ್‌ಗೂ ಜಾಸ್ತಿ, ನಮ್ಮ ದೇಶದಲ್ಲಿ ಇಷ್ಟು ಉದ್ದ ಓಡುವ ಗಾಡಿ ಇನ್ನೊಂದಿಲ್ಲ. ಯಾಕೆ ಅಂತ ಕೇಳಿದರೆ, "ಅವಳಿಗೆ ಮನೆಗೆ ಹೋಪುಕೆ ಮನಸ್ಸಿರ್ಲಿಲ್ಲ ಮಾರಾಯ್ತಿ" ಅಂದರು.

ನನ್ನನ್ನ ಹೊರಡಿಸಿದ ಕತೆ ಇನ್ನೂ ಚೆಂದ. ನಮ್ಮ ಅತ್ತೆ ಗಟ್ಟಿ ಹೆಂಗಸು, ಸೊಸೆ ತಿರುಗೋಕೆ ಹೋಗೋದು ಅಂದರೆ ಆಗದು. ಟೀಚರಕ್ಕ ಒಂದು ಭಾನುವಾರ ಮನೆಗೆ ಬಂದು, ಅತ್ತೆ ಎದುರು ಚಕ್ಕಳಮಕ್ಕಳ ಹಾಕಿ ಕೂತು ಮೆಂತ್ಯೆ ಸೊಪ್ಪು ಬಿಡಿಸತೊಡಗಿದರು. ನನ್ನ ಮಾತೇ ಎತ್ತಲಿಲ್ಲ. ಪಂಢರಪುರದ ವಾರಿ, ಅಂದರೆ ವಿಠ್ಠಲನ ಗುಡಿಗೆ ನಡೆದು ಹೋಗುವ ಯಾತ್ರೆ, ಅದರ ಬಗ್ಗೆ ಮಾತು. ಆಳಂದಿಯಿಂದ ಜ್ಞಾನೇಶ್ವರರ ಪಾಲಕಿ ಹೊರಡೋದು, ಸಾಸವಡ, ಜೇಜುರಿ, ಲೋಣಂದ, ಫಲಟಣ. ಜ್ಞಾನೇಶ್ವರರೇ ವಿಠ್ಠಲನನ್ನ ಕನ್ನಡದವನು ಅಂತ ಹಾಡಿದ್ದಾರೆ, ನಾವು ಹೋಗದಿದ್ದರೆ ಹೇಗೆ ಅಂತ ಒಂದು ಮಾತು ಬಿಟ್ಟರು. ಸೊಪ್ಪು ಮುಗಿಯುವಷ್ಟರಲ್ಲಿ ಅತ್ತೆ ತಾನೂ ಬರ್ತೀನಿ ಅಂದರು. ಆ ಆಷಾಢದಲ್ಲಿ ಲೋಣಂದದಿಂದ ತರಡಗಾವ್ ತನಕ ನಡೆದೆವು. ಅದು ಸಣ್ಣ ಹಂತ, ವಯಸ್ಸಾದವರಿಗೂ ಆಗುತ್ತದೆ ಅಂತ ಲೆಕ್ಕ ಹಾಕಿಯೇ ಆರಿಸಿದ್ದರು. ದಾರಿಯಲ್ಲಿ ಚಾಂದೋಬಾಚಾ ಲಿಂಬ ಅನ್ನುವಲ್ಲಿ ಮೊದಲ ರಿಂಗಣ ಆಗುತ್ತದೆ, ಎರಡು ಸಾಲು ಜನರ ನಡುವೆ ಕುದುರೆ ಓಡೋದು. ಕುದುರೆ ಹೋದ ಮೇಲೆ ಎಲ್ಲರೂ ಬಗ್ಗಿ ಅದರ ಗೊರಸಿನ ಮಣ್ಣು ಹಣೆಗೆ ಹಚ್ಚಿಕೊಳ್ಳುತ್ತಾರೆ. ನಮ್ಮ ಅತ್ತೆ ಒಂದು ಮುಷ್ಟಿ ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದರು. ಅದಾದ ಮೇಲೆ ಮನೆಯಲ್ಲಿ ನನಗೆ ಯಾರೂ ಎಲ್ಲಿಗೆ, ಯಾಕೆ ಅಂತ ಕೇಳಿಲ್ಲ.

ಇನ್ನು ಅವರ ಚೀಲ. ಖಾಕಿ ಬಣ್ಣದ ಒಂದೇ ಚೀಲ, ಜಿಪ್ ಹೋದಾಗಲೆಲ್ಲ ಸ್ಟೇಷನ್ ಹತ್ತಿರದ ಚಪ್ಪಲಿ ಹೊಲಿಯುವವನಿಂದ ಹಾಕಿಸಿಕೊಳ್ಳುತ್ತಿದ್ದರು. ಎರಡು ಸೀರೆ, ನೈಲಾನ್ ಹಗ್ಗ, ಬಟ್ಟೆ ಕ್ಲಿಪ್ಪು, ಸಣ್ಣ ಬೀಗ, ಚಟ್ನಿ ಪುಡಿ, ಹುರಿದ ಅವಲಕ್ಕಿ. ಜತೆಗೆ ಯಾವತ್ತೂ ಒಂದು ಜತೆ ಹೊಸ ಹವಾಯಿ ಚಪ್ಪಲಿ, ಬೇರೆಯವರ ಅಳತೆಯದ್ದು. ಮೊದಲ ಸಲ ಹೊರಟವರು ಇದ್ದುದರಲ್ಲಿ ಚೆನ್ನಾಗಿರೋ ಚಪ್ಪಲಿ ಹಾಕಿಕೊಂಡು ಬರುತ್ತಾರೆ, ಎರಡನೇ ದಿನ ಕಾಲಿಗೆ ಗುಳ್ಳೆ ಬರುತ್ತದೆ, ಆದರೆ ಬಾಯಿ ಬಿಟ್ಟು ಹೇಳೋದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಕಡೆಗೆ ಕ್ಯಾನ್ಸರ್ ಬಂತು. ಕೀಮೋ ಹಾಕಿಸಿಕೊಳ್ಳೋಕೆ ಹೋದಾಗ ಪಕ್ಕದಲ್ಲಿ ಅಸ್ಸಾಮಿನ ಒಬ್ಬ ಹುಡುಗಿ ಇದ್ದಳು. ಅಷ್ಟು ದೂರದಿಂದ ಮುಂಬೈಗೆ ಚಿಕಿತ್ಸೆಗೆ ಬಂದವಳು, ಯಾರ ಜತೆಯೂ ಮಾತಿಲ್ಲ. ಟೀಚರಕ್ಕ ಊರು ಕೇಳಿದರು. ಜೋರ್ಹಾಟ್ ಅಂದಳು. "ನಿಮಾತಿ ಘಾಟಿನಲ್ಲಿ ದೋಣಿಗೆ ಕಾಯುವಾಗ ಚಹಾದಂಗಡಿಯಲ್ಲಿ ಪೂರಿ ಕೊಡ್ತಾರಲ್ಲ, ಈಗಲೂ ಕೊಡ್ತಾರಾ?" ಅಂತ ಇವರು ತಮ್ಮ ಹರಕು ಹಿಂದಿಯಲ್ಲಿ. ಆ ಹುಡುಗಿ ಎದ್ದು ಕೂತಳು. ಆಮೇಲೆ ಇಬ್ಬರದ್ದೂ ಒಂದೇ ದಿನ ಬರುವ ಹಾಗೆ ತಾರೀಖು ಹಾಕಿಸಿಕೊಂಡರು.

ಈಗ ಪ್ರಶ್ನೆ. ವರ್ಷಾಂತಿಕ ಹತ್ತಿರ ಬರುತ್ತಿದೆ. ಕ್ರಿಯೆ ಎಲ್ಲ ಊರಿನಲ್ಲಿ ಮನೆಯವರು ಮಾಡುತ್ತಾರೆ. ಇಲ್ಲಿ ಮುಂಬೈಯಲ್ಲಿ ನಾವು ಏನಾದರೂ ಮಾಡಬೇಕು ಅಂತ ಎಲ್ಲರೂ ಹೇಳುತ್ತಿದ್ದಾರೆ. ಹಾಲ್ ಹಿಡಿದು ಸಭೆ, ಫೋಟೋಗೆ ಹಾರ, ನಾಲ್ಕು ಜನರ ಭಾಷಣ. ನನಗೆ ಮನಸ್ಸು ಒಪ್ಪುತ್ತಿಲ್ಲ. ಇಂಥ ಸಭೆಗೆ ಟೀಚರಕ್ಕ ಬಂದರೆ ಬಾಗಿಲ ಹತ್ತಿರದ ಕುರ್ಚಿ ಹಿಡಿದು, ಮೂರನೇ ಭಾಷಣಕ್ಕೆ ಸುಮ್ನೆ ಎದ್ದು ಹೋಗುತ್ತಿದ್ದವರು. ಇದು ಮೊದಲನೆಯದು.

ಎರಡನೆಯದು, ಮಗಳು ನನ್ನ ಕೈಗೆ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋಗಿದ್ದಾಳೆ. ಉದ್ದ ಲೆಕ್ಕದ ಪುಸ್ತಕಗಳು. ಒಂದೊಂದು ಪ್ರವಾಸಕ್ಕೆ ಹತ್ತಿಪ್ಪತ್ತು ಪುಟ. ಟಿಕೆಟ್ಟು, ಧರ್ಮಶಾಲೆಯ ರಸೀದಿ ಎಲ್ಲ ಅಂಟಿಸಿದ್ದಾರೆ. ಸೂರ್ಯೋದಯ, ಶಿಖರ ಅಂತ ವರ್ಣನೆ ಒಂದು ಸಾಲೂ ಇಲ್ಲ. "ಬಿಸಿನೀರು ಐದಕ್ಕೇ ಬರುತ್ತದೆ, ಆರಕ್ಕೆ ಮುಗಿಯುತ್ತದೆ." "ಕಾಮಾಖ್ಯ: ಮೆಟ್ಟಿಲು ಜಾಸ್ತಿ. ಕೆಳಗೆ ಚಪ್ಪಲಿ ಇಟ್ಟುಕೊಳ್ಳುವವನು ಒಳ್ಳೆಯವನು." ಒಂದು ಕಡೆ, "ಮೂರನೇ ಮಾಳಿಗೆಯವಳು ರಾತ್ರಿ ಅತ್ತಳು. ಕೇಳಲಿಲ್ಲ. ಚಹಾ ಕೊಡಿಸಿದೆ." ಮೂರನೇ ಮಾಳಿಗೆಯವಳು ನಾನೇ. ಇದನ್ನೆಲ್ಲ ಮಳೆಗಾಲದ ಒಳಗೆ ಹೇಗೆ ಕಾಪಾಡಲಿ? ಕೆಲವು ಟಿಕೆಟ್ಟುಗಳ ಅಕ್ಷರ ಈಗಲೇ ಕಾಣುತ್ತಿಲ್ಲ. ಲ್ಯಾಮಿನೇಟ್ ಮಾಡಿಸಿಬಿಡಲಾ?

---

ಥಾಣೆ ವೆಸ್ಟ್

ನಮಸ್ಕಾರ ಅಕ್ಕ. ಓದಿ ಬೇಜಾರಾಯಿತು. ಆದರೂ ನನ್ನ ಅಭಿಪ್ರಾಯ, ಸಭೆ ಮಾಡಿ. ಸತ್ತವರಿಗೆ ಸಭೆ ಬೇಡ ನಿಜ, ಇದ್ದವರಿಗೆ ಬೇಕಲ್ಲ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ, ಮಾಹಿಮಿನಲ್ಲಿ ಕರ್ನಾಟಕ ಸಂಘದ್ದು ವಿಶ್ವೇಶ್ವರಯ್ಯ ಹಾಲ್ ಇದೆ. ನಿಮಗೆ ದೂರ ಆಗುತ್ತದೆ ಅಂದರೆ ಡೊಂಬಿವಲಿಯಲ್ಲೇ ಕರ್ನಾಟಕ ಸಂಘ ಇದೆ. ಕರ್ನಾಟಕ ಮಲ್ಲ ಪೇಪರಿನಲ್ಲಿ ಒಂದು ಸಣ್ಣ ಪ್ರಕಟಣೆ ಕೊಟ್ಟರೆ ರಾತ್ರಿ ಶಾಲೆಯ ಹಳೇ ಹುಡುಗರು ಎಲ್ಲೆಲ್ಲಿಂದಲೋ ಬರುತ್ತಾರೆ. ಅವರನ್ನ ಬೇರೆ ಹೇಗೆ ಹುಡುಕುತ್ತೀರಿ? ಭಾಷಣ ಬೇಡ ಅಂದರೆ ಮೈಕ್ ಇಡಬೇಡಿ. ಮೈಕ್ ಇಲ್ಲದಿದ್ದರೆ ನಮ್ಮವರು ಹೆಚ್ಚು ಹೊತ್ತು ಮಾತಾಡೋದಿಲ್ಲ, ನೋಡಿ ಬೇಕಾದರೆ.

---

ಹಳೇ ಲೈಬ್ರರಿಯವನು, ಮುಲುಂಡ್

ಲ್ಯಾಮಿನೇಟ್ ಮಾತ್ರ ಮಾಡಿಸಬೇಡಿ! ಅದಕ್ಕೇ ಕೆಲಸ ಬಿಟ್ಟು ಬರೆಯುತ್ತಿದ್ದೇನೆ.

ಅಕ್ಷರ ಮಾಸಿರುವ ಟಿಕೆಟ್ಟುಗಳು ಬಸ್ ಕಂಡಕ್ಟರ್ ಮೆಷಿನ್ನಿನಿಂದ ಬಂದವು, ಇಲ್ಲ ಹೋಟೆಲ್ ಬಿಲ್ಲು ಇರಬೇಕು. ಅದು ಥರ್ಮಲ್ ಕಾಗದ. ಅದರಲ್ಲಿ ಶಾಯಿಯೇ ಇರೋದಿಲ್ಲ, ಕಾಗದದ ಮೇಲಿನ ಲೇಪ ಬಿಸಿಗೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಲ್ಯಾಮಿನೇಷನ್ ಮೆಷಿನ್ ಕೂಡ ಬಿಸಿಯೇ ಅಲ್ವಾ? ಒಳಗೆ ಹೋದ ಟಿಕೆಟ್ಟು ಪೂರ್ತಿ ಕಪ್ಪಾಗಿ ಹೊರಗೆ ಬರುತ್ತದೆ. ಬಿಸಿಲು, ಸೆಲ್ಲೋಟೇಪಿನ ಅಂಟು, ಪ್ಲಾಸ್ಟಿಕ್ ಕವರು, ಇವೂ ಅದಕ್ಕೆ ವೈರಿ. ಈ ಟಿಕೆಟ್ಟುಗಳನ್ನ ಉಳಿಸೋಕೆ ಒಂದೇ ದಾರಿ, ಇವತ್ತೇ ಫೋಟೋ ತೆಗೆಯಿರಿ. ಬೇರೆ ಎಲ್ಲ ನಿಧಾನಕ್ಕೆ ಆದೀತು. ಹಳೇ ರೈಲಿನ ದಪ್ಪ ರಟ್ಟಿನ ಸಣ್ಣ ಟಿಕೆಟ್ಟುಗಳು ಇದ್ದರೆ ಚಿಂತೆ ಬೇಡ. ಅವು ಶಾಯಿಯಲ್ಲಿ ಅಚ್ಚಾದವು, ನಮ್ಮಿಬ್ಬರಿಗಿಂತ ಜಾಸ್ತಿ ಬಾಳುತ್ತವೆ.

ಫೋಟೋಗೆ ಸ್ಟುಡಿಯೋ ಬೇಕಿಲ್ಲ. ಬೆಳಗ್ಗೆ ಕಿಟಕಿ ಪಕ್ಕ ಮೇಜು ಹಾಕಿ, ಲೈಟ್ ಆರಿಸಿ, ಫೋನನ್ನ ನೇರ ಮೇಲಿಂದ ಹಿಡಿದು ಪುಟ ಪುಟ ತೆಗೆಯಿರಿ. ಫ್ಲ್ಯಾಷ್ ಬೇಡ. ಅಕ್ಷರ ತೀರಾ ಮಾಸಿದ್ದರೆ ಅದೇ ಫೋಟೋದಲ್ಲಿ ಕಾಂಟ್ರಾಸ್ಟ್ ಏರಿಸಿ ನೋಡಿ, ಕಣ್ಣಿಗೆ ಕಾಣದ್ದು ಎಷ್ಟೋ ಸಲ ಕಾಣುತ್ತದೆ. ಪುಟದ ಒಂದು ಮೂಲೆಯಲ್ಲಿ ಪುಸ್ತಕದ ನಂಬರು ಬರೆದ ಸಣ್ಣ ಚೀಟಿ ಇಟ್ಟು ತೆಗೆದರೆ ಆಮೇಲೆ ಗೋಜಲಾಗೋದಿಲ್ಲ. ಹಾಳಾದ ಸೆಲ್ಲೋಟೇಪನ್ನ ಕೀಳಲು ಹೋಗಬೇಡಿ, ಕಾಗದವೂ ಬರುತ್ತದೆ.

ಪೆಟ್ಟಿಗೆ ನೆಲದ ಮೇಲೆ ಬೇಡ, ಹೊರಗಿನ ಗೋಡೆಗೆ ತಾಗಿಸಿಯೂ ಬೇಡ. ಮುಂಬೈ ಮಳೆಗಾಲದಲ್ಲಿ ಆ ಗೋಡೆ ಬೆವರುತ್ತದೆ. ಒಳಗಿನ ಗೋಡೆಯ ಕಪಾಟಿನ ಮೇಲಿನ ಹಲಗೆ ಒಳ್ಳೆಯದು. ಬೆಳ್ಳಿ ಹುಳ ಬರುತ್ತದೆ, ಆಗಾಗ ತೆಗೆದು ಕೊಡವಿ. ಹೊಸ ಚಪ್ಪಲಿ, ಬ್ಯಾಗು ಕೊಂಡಾಗ ಬರುವ ಸಿಲಿಕಾ ಜೆಲ್ ಚೀಟಿಗಳನ್ನ ಎಸೆಯದೆ ಪೆಟ್ಟಿಗೆಯಲ್ಲಿ ಹಾಕಿಡಿ.

ಎಲ್ಲ ಮುಗಿದ ಮೇಲೆ ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದವರನ್ನ ಒಮ್ಮೆ ಕೇಳಿ. ದೊಡ್ಡವರ ಪುಸ್ತಕ ಎಲ್ಲರೂ ಇಟ್ಟುಕೊಳ್ಳುತ್ತಾರೆ. ಒಬ್ಬ ಶಾಲಾ ಟೀಚರು ಯಾವ ಧರ್ಮಶಾಲೆಗೆ ಎಷ್ಟು ಕೊಟ್ಟರು, ಮುಂಬೈಯ ಕನ್ನಡ ಹೆಂಗಸರು ಹೇಗೆ ತಿರುಗಿದರು ಅನ್ನೋದು ಬರವಣಿಗೆಯಲ್ಲಿ ಬಹಳ ಕಮ್ಮಿ. ಕೊಡುವ ಮೊದಲು ಒಂದು ಮಾತು. ಅದರಲ್ಲಿ ಬೇರೆ ಹೆಂಗಸರ ಮನೆ ಗುಟ್ಟು ಇರುತ್ತದೆ. ನೀವು ಅತ್ತದ್ದನ್ನ ನೀವೇ ಇಲ್ಲಿ ಬರೆದಿರಿ, ಅದು ನಿಮ್ಮ ಇಷ್ಟ. ಉಳಿದವರನ್ನ ಕೇಳಬೇಕು.

---

ಅಂಧೇರಿ ಕ್ಯಾಂಟೀನ್

ಟೀಚರಕ್ಕ ಅಂತ ಓದಿದಾಗಲೇ ಎದೆ ಧಸಕ್ ಅಂತು. ಫೋರ್ಟು, ರಾತ್ರಿ ಶಾಲೆ, ಕುಂದಾಪುರ. ಖಂಡಿತ ನಮ್ಮ ಟೀಚರೇ. ತೀರಿಕೊಂಡದ್ದು ನನಗೆ ಗೊತ್ತೇ ಆಗಲಿಲ್ಲ. ಥಾಣೆಯವರು ಹೇಳಿದ್ದು ಸರಿ, ಪೇಪರಿನಲ್ಲಿ ಹಾಕಿದ್ದರೆ ಗೊತ್ತಾಗುತ್ತಿತ್ತು.

ನಾನು ಬೈಂದೂರಿನಿಂದ ಬಂದವನು. ಆಗ ಕೊಂಕಣ ರೈಲು ಇರಲಿಲ್ಲ, ಅದು ಪೂರ್ತಿ ಆದದ್ದು 1998ರ ಜನವರಿಯಲ್ಲಿ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದು ಇಳಿದೆ. ಫೋರ್ಟಿನ ಒಂದು ಹೋಟೆಲಿನಲ್ಲಿ ಕೆಲಸ, ಹೋಟೆಲಿನಲ್ಲೇ ಮಲಗೋದು. ಮುಂಬೈ ಅಂದರೆ ನನಗೆ ಮೋರಿ, ಮಾಳಿಗೆ, ರಾತ್ರಿ ಶಾಲೆ ಇಷ್ಟೇ. ಆಫೀಸು ಏರಿಯಾ ಆದ್ದರಿಂದ ಭಾನುವಾರ ಹೋಟೆಲ್ ಬಂದ್. ಭಾನುವಾರ ಬಂದರೆ ಊರಿನ ನೆನಪು ಜಾಸ್ತಿ ಆಗುತ್ತಿತ್ತು, ನಾವು ಹುಡುಗರು ಸುಮ್ನೆ ಫುಟ್‌ಪಾತ್ ಮೇಲೆ ಕೂತಿರುತ್ತಿದ್ದೆವು.

ಟೀಚರಿಗೆ ಅದು ಗೊತ್ತಾಯಿತು. ಒಂದು ಭಾನುವಾರ ಎಲ್ಲರನ್ನ ಎಬ್ಬಿಸಿ ಬೋರಿವಲಿಗೆ ಕರ್ಕೊಂಡು ಹೋದರು, ನ್ಯಾಷನಲ್ ಪಾರ್ಕಿನೊಳಗೆ ಕಾನ್ಹೇರಿ ಗುಹೆ. ನೂರಕ್ಕೂ ಜಾಸ್ತಿ ಗುಹೆ ಇದೆ ಅಲ್ಲಿ. ನಮಗೆ ಗುಹೆ ಯಾರಿಗೆ ಬೇಕು, ಮಂಗ ನೋಡೋದರಲ್ಲೇ ಖುಷಿ. ಒಂದು ಗುಹೆಯ ಮುಂದೆ ನಿಲ್ಲಿಸಿ ಗೋಡೆ ಮೇಲಿನ ಶಾಸನ ತೋರಿಸಿದರು. "ಇದರಲ್ಲಿ ಒಬ್ಬ ರಾಜನ ಹೆಸರು ಉಂಟು. ಯಾರು ಹೇಳಿ?" ಯಾರಿಗೂ ಗೊತ್ತಿಲ್ಲ. "ಅಮೋಘವರ್ಷ" ಅಂದರು. ಕವಿರಾಜಮಾರ್ಗದ ಪಾಠ ಹಿಂದಿನ ವಾರವೇ ಆಗಿತ್ತು, ನಾವೆಲ್ಲ ನಿದ್ದೆ ಮಾಡಿದ್ದೆವು. 9ನೇ ಶತಮಾನದಲ್ಲಿ ಈ ಕೊಂಕಣ ಅವನ ಕೈಕೆಳಗಿನ ಶಿಲಾಹಾರರದ್ದು, ಅವರು ಹಾಕಿಸಿದ ಶಾಸನದಲ್ಲಿ ದೊರೆಯ ಹೆಸರು ಇದೆ. "ನೀವು ನಿನ್ನೆ ಮೊನ್ನೆ ಬಂದವರು ಅಂತ ತಲೆ ತಗ್ಗಿಸಿ ನಡೀಬೇಡಿ, ನಿಮಗಿಂತ ಮುಂಚೆ ನಿಮ್ಮ ರಾಜನ ಹೆಸರು ಬಂದು ಕೂತಿದೆ" ಅಂದರು. ಆಮೇಲೆ ಡಬ್ಬಿ ಬಿಚ್ಚಿ ಎಲ್ಲರಿಗೂ ಕಡುಬು ಕೊಟ್ಟರು. ಹಲಸಿನ ಎಲೆಯಲ್ಲಿ ಬೇಯಿಸಿದ್ದು. ಡೊಂಬಿವಲಿಯಲ್ಲಿ ಹಲಸಿನ ಎಲೆ ಎಲ್ಲಿಂದ ತಂದರೋ ದೇವರಿಗೇ ಗೊತ್ತು.

ಎಲಿಫೆಂಟಾಕ್ಕೂ ಕರ್ಕೊಂಡು ಹೋದರು. ಒಂದು ಸಲ ಗಣೇಶ ಹಬ್ಬದ ರಜೆ ಸೋಮವಾರ ಬಂತು ಅಂತ ನಾವೇ ಹುಡುಗರು ಟೀಚರಿಗೆ ಹೇಳದೆ ಗೇಟ್‌ವೇಗೆ ಹೋದೆವು. ಸೋಮವಾರ ಎಲಿಫೆಂಟಾ ಬಂದ್. ಮಂಗಳವಾರ ಕ್ಲಾಸಿನಲ್ಲಿ ಟೀಚರು ಬೋರ್ಡಿನ ಮೇಲೆ ದೊಡ್ಡದಾಗಿ "ಸೋಮವಾರ" ಅಂತ ಬರೆದು ಏನೂ ಹೇಳದೆ ಪಾಠ ಶುರು ಮಾಡಿದರು. ಯಾರು ಚಾಡಿ ಹೇಳಿದ್ದೋ ಇವತ್ತಿಗೂ ಗೊತ್ತಿಲ್ಲ.

ಈಗ ನನ್ನದು ಅಂಧೇರಿಯಲ್ಲಿ ಒಂದು ಕಂಪನಿ ಕ್ಯಾಂಟೀನ್. ಏನು ಮಾಡಿದರೂ ಊಟದ ಜವಾಬ್ದಾರಿ ನನ್ನದು. ಇದಕ್ಕೆ ಬೇಡ ಅನ್ನಬಾರದು.

---

ಪುಣೆಯಿಂದ, ಮಗಳು

ಆಂಟಿ ಲಿಂಕ್ ಕಳಿಸಿದರು. ಬರೆಯೋದೋ ಬೇಡವೋ ಅಂತ ಯೋಚಿಸಿದೆ. ಎಲ್ಲರೂ ಅಮ್ಮನ ಬಗ್ಗೆ ಇಷ್ಟು ಪ್ರೀತಿಯಿಂದ ಬರೆದಿದ್ದೀರಿ, ಧನ್ಯವಾದ. ಆದರೆ ಅಮ್ಮನನ್ನ ದೇವಿ ಮಾಡಬೇಡಿ. ಜತೆಗಿದ್ದವರಿಗೆ ಅಷ್ಟು ಸುಲಭದ ಹೆಂಗಸಲ್ಲ ಅವರು.

ಮೇ ರಜೆ ಬಂದರೆ ನನ್ನ ಕ್ಲಾಸಿನವರೆಲ್ಲ ಅಮ್ಮನ ಜತೆ ಅಜ್ಜಿ ಮನೆಗೆ ಹೋಗುತ್ತಿದ್ದರು. ನಾನು ಒಬ್ಬಳೇ ಅಜ್ಜಿ ಮನೆಗೆ. ಅಮ್ಮ ಯಾರದೋ ಅಮ್ಮನ ಜತೆ ಬದರಿಯಲ್ಲಿ. ಹತ್ತನೇ ಕ್ಲಾಸಿನ ರಿಸಲ್ಟ್ ದಿನ ಅವರು ಎಲ್ಲಿದ್ದರು ಅಂತ ನನಗೆ ಎರಡು ದಿನ ಬಿಟ್ಟು ಗೊತ್ತಾಯಿತು, ಎಸ್‌ಟಿಡಿ ಬೂತ್ ಸಿಗಲಿಲ್ಲ ಅಂದರು. ಈ ಸಿಟ್ಟು ನನಗೆ ಬಹಳ ವರ್ಷ ಇತ್ತು. ಪೂರ್ತಿ ಹೋಗಿದೆ ಅಂತ ಈಗಲೂ ಹೇಳಲಾರೆ. ನೋಟುಬುಕ್ಕಿನಲ್ಲಿ ಆ ಪ್ರವಾಸದ ಪುಟ ಹುಡುಕಿ ನೋಡಿದೆ. ನನ್ನ ಬಗ್ಗೆ ಒಂದೇ ಸಾಲು: "ಮಗುವಿನ ರಿಸಲ್ಟ್ ಇವತ್ತು. ಪಾಸಾಗಿರ್ತಾಳೆ." ಇಷ್ಟೇ. ಅದರ ಕೆಳಗೆ ಚಹಾದ ಲೆಕ್ಕ.

ಇನ್ನೂ ಕೇಳಿ. ಗಾಡಿ ಹೊರಡುವ ಎರಡು ಗಂಟೆ ಮೊದಲು ಸ್ಟೇಷನ್ನಿನಲ್ಲಿ ಇರಬೇಕು, ಇಲ್ಲದಿದ್ದರೆ ಜಗಳ. ಟಿಸಿಗಳ ಜತೆ ಜಗಳ, ಕೂಲಿಗಳ ಜತೆ ಚೌಕಾಸಿ, ಆಮೇಲೆ ಅದೇ ಕೂಲಿಗೆ ಊಟ. 2020ರ ಮಾರ್ಚಿನಲ್ಲಿ ರೈಲಿನಲ್ಲಿ ಹಿರಿಯರ ರಿಯಾಯಿತಿ ನಿಂತಿತಲ್ಲ, ಆವತ್ತಿನಿಂದ ದಿನಾ ಬೈಗುಳ. ಹೆಂಗಸರಿಗೆ ಐವತ್ತೆಂಟಕ್ಕೇ ಅರ್ಧ ದುಡ್ಡು ಬಿಡುತ್ತಿದ್ದರು. ಕೋವಿಡ್ ಮುಗಿದರೂ ವಾಪಸ್ ಕೊಡಲಿಲ್ಲ. ಸಾಯುವ ಹಿಂದಿನ ತಿಂಗಳೂ ಯಾರಿಗೋ ಕಾಗದ ಬರೆಸುತ್ತಿದ್ದರು ಅದರ ಬಗ್ಗೆ.

ಕೈಲಾಸ ಮಾನಸ ಸರೋವರಕ್ಕೆ ಸರ್ಕಾರದ ಯಾತ್ರೆಗೆ ಅರ್ಜಿ ಹಾಕಿದ್ದರು. ಲಾಟರಿಯಲ್ಲಿ ಹೆಸರು ಬಂತು. ದಿಲ್ಲಿಯಲ್ಲಿ ಮೆಡಿಕಲ್ ಮಾಡುತ್ತಾರೆ, ಬಿಪಿ ಜಾಸ್ತಿ ಅಂತ ಅಲ್ಲೇ ನಿಲ್ಲಿಸಿದರು. ನಾವೆಲ್ಲ ಪಾಪ ಅಂದುಕೊಂಡು ಕಾಯುತ್ತಿದ್ದೆವು. ಬರಲೇ ಇಲ್ಲ. ಅಲ್ಲೇ ಫೇಲಾದ ಒಬ್ಬ ಗುಜರಾತಿ ಅಜ್ಜಿ ಅಳುತ್ತಾ ಕೂತಿದ್ದರಂತೆ, ಅವರನ್ನ ಕರ್ಕೊಂಡು ಹರಿದ್ವಾರಕ್ಕೆ ಹೋಗಿದ್ದರು. ಆ ಅಜ್ಜಿಯ ಮಗ ದಿಲ್ಲಿ ಪೊಲೀಸಿಗೆ ಹೋಗುವುದೊಂದು ಬಾಕಿ. ಆಮೇಲೆ ಅದೇ ಮಗ ಪ್ರತಿ ದೀಪಾವಳಿಗೆ ಸೂರತ್ತಿನಿಂದ ಘಾರಿ ಅನ್ನೋ ಸಿಹಿತಿಂಡಿ ಕಳಿಸುತ್ತಿದ್ದ. ಈ ಸಲವೂ ಬಂತು. ತೀರಿಕೊಂಡ ಸುದ್ದಿ ಅವನಿಗೆ ನಾನೇ ಫೋನಿನಲ್ಲಿ ಹೇಳಬೇಕಾಯಿತು.

ಅಮ್ಮನ ಪಾಸ್‌ಪೋರ್ಟ್ ವಿಷಯವೂ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಮರಣ ಪ್ರಮಾಣಪತ್ರದ ಜತೆ ಪಾಸ್‌ಪೋರ್ಟ್ ಆಫೀಸಿಗೆ ಒಪ್ಪಿಸಿದರೆ ರದ್ದು ಮಾಡುತ್ತಾರೆ, ನೆನಪಿಗೆ ಬೇಕು ಅಂದರೆ ರದ್ದಾದ ಪುಸ್ತಕ ವಾಪಸ್ ಕೊಡುತ್ತಾರೆ. ಕೇಳಬೇಕು. ನಾನು ಕೇಳಿ ತಗೊಂಡೆ.

ಸಭೆ ನನಗೆ ಬೇಡ ಆಂಟಿ. ಹಾಲಿನಲ್ಲಿ ಕೂತು ಅಮ್ಮ ಎಲ್ಲರಿಗೂ ಅಮ್ಮ ಆಗಿದ್ದರು ಅಂತ ಕೇಳುವ ಶಕ್ತಿ ನನಗಿಲ್ಲ. ಬದಲಿಗೆ ಒಂದು ಕೆಲಸ ಮಾಡೋಣವಾ? ಎಲ್ಲಿಗೂ ಹೋಗದ ಕೆಲವು ಹೆಂಗಸರನ್ನ ಒಂದು ಊರಿಗೆ ಕರ್ಕೊಂಡು ಹೋಗೋಣ. ದೂರ ಬೇಡ, ಎರಡು ದಿನ ಸಾಕು. ದುಡ್ಡು ನನ್ನದು. ನಾನೂ ಬರ್ತೀನಿ. ಅಮ್ಮನ ಜತೆ ನಾನು ಹೋಗಿದ್ದು ಬಹಳ ಕಮ್ಮಿ.

---

ಡೊಂಬಿವಲಿಯವಳು

ಪುಟ್ಟಿ, ನೀನು ಬರೆದದ್ದು ಓದಿ ನಿನ್ನೆ ಉತ್ತರ ಬರೆಯಲು ಆಗಲಿಲ್ಲ. ನೀನು ಹೇಳಿದ ಹಾಗೇ ಆಗಲಿ. ದುಡ್ಡು ಪೂರ್ತಿ ನಿನ್ನದಲ್ಲ, ನಾವೂ ಇದ್ದೇವೆ.

ಲೈಬ್ರರಿಯವರೇ, ಬಸ್ಸಿನ ಟಿಕೆಟ್ಟುಗಳ ಫೋಟೋ ಆಯಿತು. ಅಕ್ಷರ ಮಾಸಿದ್ದ ಒಂದು ಭೂತಾನಿನ ರಸೀದಿ ಕಾಂಟ್ರಾಸ್ಟ್ ಏರಿಸಿದ ಮೇಲೆ ಕಂಡಿತು, ಎರಡು ಪ್ಲೇಟ್ ಮೊಮೊ. ಉಳಿದವರನ್ನ ಕೇಳಬೇಕು ಅಂದಿರಲ್ಲ, ಅದು ಸರಿ. ಫೋನ್ ಮಾಡಲು ಶುರು ಮಾಡಿದ್ದೇನೆ. ಮಾಟುಂಗಾದ ಆಕೆ, "ನನ್ನದು ಎಲ್ಲ ಬರೆದಿದ್ದರೂ ತೊಂದರೆ ಇಲ್ಲ, ನನ್ನ ಮೈದುನನ ಬಗ್ಗೆ ಹೇಳಿದ್ದು ಮಾತ್ರ ತೆಗೀರಿ" ಅಂದರು. ಹುಡುಕಿದೆ. ಟೀಚರಕ್ಕ ಅದನ್ನ ಬರೆದೇ ಇರಲಿಲ್ಲ.

ಊರು ಬಾದಾಮಿ ಅಂತ ಯೋಚಿಸಿದ್ದೇನೆ. ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿನಿಂದ ರಾತ್ರಿ ಹತ್ತಿದರೆ ಸೊಲ್ಲಾಪುರ, ವಿಜಯಪುರದ ಮೇಲೆ ಗಾಡಿ ನೇರ ಬಾದಾಮಿಗೆ ಹೋಗುತ್ತದೆ, ಎಲ್ಲೂ ಇಳಿದು ಹತ್ತುವ ರಗಳೆ ಇಲ್ಲ. ಆಷಾಢದ ಕೊನೆಗೆ ಹೋದರೆ ಬಿಸಿಲು ಇಳಿದಿರುತ್ತದೆ, ಮಳೆ ಬಂದಿದ್ದರೆ ಅಗಸ್ತ್ಯ ತೀರ್ಥದ ಹತ್ತಿರ ಅಕ್ಕ-ತಂಗಿ ಜಲಪಾತ ಬಂಡೆ ಮೇಲಿಂದ ಬೀಳುತ್ತಿರುತ್ತದೆ. ಗುಹೆ ನಾಲ್ಕು. ಮೂರನೆಯದರಲ್ಲಿ 578ರ ಶಾಸನ ಇದೆ. ಮೆಟ್ಟಿಲು ಎತ್ತರ ಎತ್ತರ, ಮೊಣಕಾಲು ನೋವಿನವರು ಮೊದಲ ಗುಹೆಯಲ್ಲೇ ಕೂತರೂ ನಷ್ಟವಿಲ್ಲ, ಹದಿನೆಂಟು ಕೈಯ ನಟರಾಜ ಅಲ್ಲೇ ಇದ್ದಾನೆ. ಕೈಯಲ್ಲಿ ತಿಂಡಿ ಕವರು ಹಿಡಿಯಬಾರದು, ಮಂಗಗಳು ಬಿಡೋದಿಲ್ಲ. ಮಧ್ಯಾಹ್ನ ಬನಶಂಕರಿ. ಗುಡಿ ಮುಂದೆ ಹೆಂಗಸರು ಬುಟ್ಟಿಯಲ್ಲಿ ಜೋಳದ ರೊಟ್ಟಿ, ಪಲ್ಯ, ಗಡಿಗೆ ಮೊಸರು ಇಟ್ಟುಕೊಂಡು ಕೂತಿರುತ್ತಾರೆ. ಕ್ಯಾಂಟೀನ್ ತಮ್ಮಾ, ಆ ಒಂದು ಊಟ ಬಿಟ್ಟು ಉಳಿದದ್ದೆಲ್ಲ ನಿನ್ನದು. ರೊಟ್ಟಿ ವಿಷಯದಲ್ಲಿ ನಾವು ಧಾರವಾಡದವರು ಕರಾವಳಿಯವರನ್ನ ನಂಬೋದಿಲ್ಲ, ಟೀಚರಕ್ಕನನ್ನೂ ನಂಬಿರಲಿಲ್ಲ.

ಎರಡನೇ ದಿನ ಪಟ್ಟದಕಲ್ಲು. ವಿರೂಪಾಕ್ಷ ಗುಡಿ ಕಟ್ಟಿಸಿದ್ದು ರಾಣಿ ಲೋಕಮಹಾದೇವಿ, ಗಂಡ ಕಂಚಿಯನ್ನ ಗೆದ್ದ ನೆನಪಿಗೆ. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದ್ದು, ಅವಳೂ ಅದೇ ರಾಜನ ಹೆಂಡತಿ. ಟೀಚರಕ್ಕ ಇದನ್ನ ಹೇಳುವಾಗ ಒಂದು ಪ್ರಶ್ನೆ ತಪ್ಪದೆ ಕೇಳುತ್ತಿದ್ದರು, "ಅಕ್ಕ ತಂಗಿ ಗುಡಿ ಅ‍ಕ್ಕಪಕ್ಕ ಕಟ್ಟಿಸಿದ್ದು ಪ್ರೀತಿಗೋ, ಪೈಪೋಟಿಗೋ?" ಆಮೇಲೆ ಹೆಂಗಸರು ಊಟ ಆಗುವ ತನಕ ಅದನ್ನೇ ಜಗಳ ಆಡುತ್ತಿದ್ದರು.

ಬಸ್ಸಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಹೆಂಗಸರಿಗೆ ಬಸ್ ಫ್ರೀ, ಆದರೆ ಅಲ್ಲಿನ ವಿಳಾಸ ಇದ್ದವರಿಗೆ ಮಾತ್ರ. ನಮ್ಮ ಆಧಾರ್ ಮಹಾರಾಷ್ಟ್ರದ್ದು. ಇಲ್ಲಿ ಲಾಲ್ ಪರಿಯಲ್ಲಿ, ಅಂದರೆ ಮಹಾರಾಷ್ಟ್ರದ ಸರ್ಕಾರಿ ಕೆಂಪು ಬಸ್ಸಿನಲ್ಲಿ, ನಮಗೆ ಅರ್ಧ ಟಿಕೆಟ್, ಅಲ್ಲಿ ಪೂರ್ತಿ. ಕನ್ನಡ ಮಾತಾಡಿದ್ದಕ್ಕೆ ಕಂಡಕ್ಟರ್ ಬಿಡೋದಿಲ್ಲ, ವಾದ ಮಾಡಬೇಡಿ.

---

ವಾಶಿಯಿಂದ

ಸುಮ್ನೆ ಓದುತ್ತಿದ್ದೆ. ಕೇಳಬಹುದಾ ಗೊತ್ತಿಲ್ಲ, ಟೀಚರಕ್ಕನ ಪರಿಚಯ ನಮಗಿಲ್ಲ. ನಮ್ಮ ಅಮ್ಮನಿಗೆ ಅರವತ್ತೆಂಟು. ಊರು, ವಾಶಿ, ಆಸ್ಪತ್ರೆ ಬಿಟ್ಟು ಎಲ್ಲಿಗೂ ಹೋಗಿಲ್ಲ. ನಾನು ಕರೆದರೆ "ನಿನಗ್ಯಾಕೆ ಖರ್ಚು" ಅಂತಾರೆ. ಶುಗರ್ ಇದೆ, ಬೇರೆ ತೊಂದರೆ ಇಲ್ಲ. ಅವರನ್ನ ಕಳಿಸಬಹುದಾ?

---

ಡೊಂಬಿವಲಿಯವಳು

ಕಳಿಸಿ ಮಾರಾಯ್ತಿ, ಪರಿಚಯ ಅಂತ ಯಾರು ಕೇಳಿದರು. ಖರ್ಚಿನ ಮಾತು ನೀವು ಎತ್ತಲೇಬೇಡಿ. ಮುಂದಿನ ಭಾನುವಾರ ನಾನೇ ವಾಶಿಗೆ ಬಂದು ಅವರ ಜತೆ ಮಾತಾಡುತ್ತೇನೆ. ಮನೆಯಲ್ಲಿ ಬಿಡಿಸುವ ಸೊಪ್ಪು ಏನಾದರೂ ತಂದಿಡಿ.

ಅವರ ಆಧಾರ್‌ನಲ್ಲಿ ಇರುವ ಹಾಗೆ ಹೆಸರು, ವಯಸ್ಸು ಮೆಸೇಜ್ ಮಾಡಿ. ಬುಕಿಂಗ್ ಈಗ ಅರವತ್ತು ದಿನ ಮೊದಲೇ ತೆರೆಯೋದು, ಒಂದು ಟಿಕೆಟ್ಟಿನಲ್ಲಿ ಆರು ಜನ ಮಾತ್ರ, ಅದಕ್ಕೇ ಎರಡು ಗುಂಪು ಮಾಡುತ್ತಿದ್ದೇನೆ. ನಲವತ್ತೈದು ದಾಟಿದ ಹೆಂಗಸರಿಗೆ ಕೆಳಗಿನ ಬರ್ತ್ ಇದ್ದರೆ ತಾನಾಗೇ ಸಿಗುತ್ತದೆ, ಸಿಗದಿದ್ದರೆ ನನ್ನದು ಕೊಡುತ್ತೇನೆ. ಶುಗರ್ ಮಾತ್ರೆ ಎರಡು ದಿನಕ್ಕೆ ಬೇಕಾದ್ದಕ್ಕಿಂತ ಜಾಸ್ತಿ ಇರಲಿ. ಮತ್ತೆ ಅವರ ಚಪ್ಪಲಿ ಅಳತೆ ಎಷ್ಟು?